ತುಂಡು ಬೆಚ್ಚಗಿರುವಷ್ಟು ಹೊತ್ತಿನಲ್ಲಿ

ಕ್ಯಾನ್ಸರ್ ಗಡ್ಡೆ ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ಸ್ಕ್ಯಾನ್, ಮ್ಯಾಮೊಗ್ರಾಮ್ ಮತ್ತು ಬಯಾಪ್ಸಿಗಳು ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಿರುತ್ತವೆಯಾದರೂ, ಆ ಗಡ್ಡೆ ಎಲ್ಲಿಗೆ ಮುಗಿದು ಆರೋಗ್ಯವಾದ ಅಂಗಾಂಶ ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಶಸ್ತ್ರವೈದ್ಯರು, ರೋಗಿ ಅರಿವಳಿಕೆಯಲ್ಲಿ ಮಲಗಿರುವಾಗಲೇ, ತಮ್ಮ ಕಣ್ಣು ಮತ್ತು ಬೆರಳುಗಳನ್ನು ನಂಬಿ ನಿರ್ಧರಿಸಬೇಕಾಗುತ್ತದೆ. ವೈದ್ಯರ ಮಾತಿನಲ್ಲಿ ಮಾರ್ಜಿನ್ ಎನ್ನಿಸಿಕೊಳ್ಳುವ, ಕನ್ನಡದಲ್ಲಿ ಅಂಚು ಎಂದು ಕರೆಯಬಹುದಾದ ಈ ಗಡಿಯನ್ನು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ವಿದ್ಯುತ್ತಿನ ಸಹಾಯದಿಂದ ಗುರುತಿಸುವ ಉಪಕರಣವೊಂದರ ಮೇಲೆ, ಈ ಶತಮಾನದ ಎರಡನೆಯ ದಶಕದಲ್ಲಿ, ಬೈರಿದೇವರಕೊಪ್ಪದ ಮನೆಯೊಂದರಿಂದ ಓಡಾಡುತ್ತ ನಡೆಸಿದ ಡಾಕ್ಟರೇಟ್ ಸಂಶೋಧನೆಯ ನೆನಪುಗಳನ್ನು ಈ ಬರಹ ದಾಖಲಿಸುತ್ತದೆ. ಆ ಕೆಲಸ ಮಾಡಿದವಳನ್ನು ಇಲ್ಲಿ ಸಂಶೋಧಕಿ ಎಂದಷ್ಟೇ ಕರೆಯಲಾಗಿದೆ. ಆಕೆಯ ಹೆಸರಿಗಿಂತ ಆಕೆ ಕಂಡ ಕೈಗಳು, ಕೇಳಿದ ಮಾತುಗಳು ಮತ್ತು ಕೈಜಾರಿ ಹೋದ ನಿಮಿಷಗಳೇ ನೆನಪಿಟ್ಟುಕೊಳ್ಳಲು ಹೆಚ್ಚು ಯೋಗ್ಯವಾದವು.

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟವರಿಗೆ ಉಣಕಲ್ ಕೆರೆ ದಾಟಿದ ಮೇಲೆ ಸಿಗುವ ಬೈರಿದೇವರಕೊಪ್ಪ, ಅವಳಿ ನಗರಗಳ ನಡುವಿನ ಸುಮಾರು 20 ಕಿಲೋಮೀಟರ್ ದಾರಿಯಲ್ಲಿ ಹಳ್ಳಿತನವನ್ನೂ ಪೇಟೆಯ ಗದ್ದಲವನ್ನೂ ಒಟ್ಟಿಗೆ ಇಟ್ಟುಕೊಂಡು ಬೆಳೆದ ಊರು. ಇದರ ಒಂದು ಮಗ್ಗುಲಿಗೆ ಅಮರಗೋಳದ ಎಪಿಎಂಸಿ ಪ್ರಾಂಗಣವಿದ್ದರೆ, ಧಾರವಾಡದ ದಿಕ್ಕಿಗೆ ಸ್ವಲ್ಪವೇ ಮುಂದೆ ನವನಗರವಿದ್ದು, ಅಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯನ್ನು ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಗಳ ಜನ ಕ್ಯಾನ್ಸರ್ ದವಾಖಾನಿ ಎಂಬ ಒಂದೇ ಹೆಸರಿನಿಂದ ಬಲ್ಲರು. ಸಂಶೋಧನೆ ನಡೆದ ವರ್ಷಗಳಲ್ಲಿ, ಅಂದರೆ 2018ರಲ್ಲಿ ಚಿಗರಿ ಎಂಬ ಹೆಸರಿನ ತ್ವರಿತ ಸಾರಿಗೆಯ ಬಸ್ಸುಗಳು ಓಡತೊಡಗುವುದಕ್ಕೆ ಮೊದಲು, ಈ ರಸ್ತೆಯನ್ನು ಅಗೆದು ಅಗಲಗೊಳಿಸುವ ಕೆಲಸ ಸಾಗಿತ್ತು. ಆ ಧೂಳಿನಲ್ಲಿ ತಪ್ಪು ನಿಲ್ದಾಣದಲ್ಲಿ ಇಳಿದುಬಿಟ್ಟವರು, ಒಂದು ಕೈಯಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ, ಇನ್ನೊಂದರಲ್ಲಿ ರೊಟ್ಟಿಗಂಟು ಹಿಡಿದು, ದವಾಖಾನಿ ಎಲ್ಲೈತಿ ಎಂದು ಬೈರಿದೇವರಕೊಪ್ಪದ ಅಂಗಡಿಗಳ ಮುಂದೆ ವಿಚಾರಿಸುವುದು ದಿನನಿತ್ಯದ ನೋಟವಾಗಿತ್ತು. ಬಯೋಎಲೆಕ್ಟ್ರಾನಿಕ್ಸ್ ಎಂಬ ಶಾಸ್ತ್ರ, ಅಂದರೆ ಜೀವಕೋಶಗಳ ವಿದ್ಯುತ್ ಗುಣಗಳನ್ನು ಎಲೆಕ್ಟ್ರಾನಿಕ್ ಸಾಧನಗಳಿಂದ ಅಳೆಯುವ ಮತ್ತು ಪ್ರಭಾವಿಸುವ ವಿದ್ಯೆ, ಪುಸ್ತಕದಲ್ಲಿ ಎದುರಾಗುವ ಮೊದಲೇ ಆ ವಿದ್ಯೆ ಯಾರಿಗೆ ಬೇಕಾಗಿದೆ ಎಂಬುದು ಸಂಶೋಧಕಿಗೆ ಈ ರಸ್ತೆಯ ಬದಿಯಲ್ಲಿ ಕಂಡಿತ್ತು.

ಆಕೆಯ ತಂದೆ ಎಪಿಎಂಸಿಯ ಅಡತಿ ಅಂಗಡಿಯೊಂದರಲ್ಲಿ ಹತ್ತಿ ನೋಡುವ ಕೆಲಸದಲ್ಲಿದ್ದರು. ಹತ್ತಿ ನೋಡುವುದೆಂದರೆ ಅಂಡಿಗೆಯಿಂದ ಒಂದು ಚಿಟಿಕೆ ಹತ್ತಿಯನ್ನು ಕಿತ್ತು, ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು, ಮೆಲ್ಲನೆ ಎಳೆದು, ಎಳೆಗಳು ಸಮನಾಗುವವರೆಗೆ ಮತ್ತೆ ಮತ್ತೆ ಜೋಡಿಸಿ ಎಳೆದು, ಕೊನೆಗೆ ಉಳಿದ ಎಳೆಯ ಉದ್ದವನ್ನು ಬೆರಳಿನ ಮೇಲಿಟ್ಟು ಹೇಳುವುದು. ತೇವ ಎಷ್ಟಿದೆ ಎಂಬುದನ್ನೂ ಅವರು ಅದೇ ಹಿಡಿತದಲ್ಲಿ ಹೇಳುತ್ತಿದ್ದರು. ಎಳೆಯ ಉದ್ದ, ಬಲ, ನವಿರುತನಗಳನ್ನು ಅಂಕಿಗಳಲ್ಲಿ ತಿಳಿಸುವ ಯಂತ್ರಗಳು ಬಂದ ಮೇಲೂ ಲಿಲಾವಿನ ಹೊತ್ತಿಗೆ ವ್ಯಾಪಾರಿಗಳು ಬೆರಳಿನಿಂದ ನೋಡುವುದನ್ನು ಬಿಡಲಿಲ್ಲ, ಯಂತ್ರದ ಅಂಕಿ ಬರುವವರೆಗೆ ಲಿಲಾವು ಕಾಯುವುದಿಲ್ಲವಲ್ಲ. ಶಸ್ತ್ರವೈದ್ಯರ ಬೆರಳಿಗೂ ಅಳತೆಯ ಯಂತ್ರಕ್ಕೂ ಇರುವ ಸಂಬಂಧವನ್ನು ಸಂಶೋಧಕಿ ಮುಂದೆ ಹಲವು ವರ್ಷ ಯೋಚಿಸಿದ್ದು ಈ ಪ್ರಾಂಗಣದಲ್ಲಿ ಕಲಿತ ಪಾಠದ ಮೂಲಕವೇ: ತಡವಾಗಿ ಬರುವ ನಿಖರವಾದ ಅಂಕಿಗಿಂತ ಹೊತ್ತಿಗೆ ಸಿಗುವ ಬೆರಳಿನ ಅಂದಾಜಿಗೆ ಬೆಲೆ ಹೆಚ್ಚು.

ಸ್ತನದ ಕ್ಯಾನ್ಸರಿನಲ್ಲಿ ಉತ್ತರ ಹೊತ್ತಿಗೆ ಸಿಗುವುದೇ ಎಂಬ ಈ ಪ್ರಶ್ನೆ ಎಷ್ಟು ತೂಕದ್ದೆಂದು ತಿಳಿಯಲು ಚಿಕಿತ್ಸೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು. ಇಡೀ ಸ್ತನವನ್ನೇ ತೆಗೆಯುವುದರ ಬದಲು ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಅಂಗಾಂಶವನ್ನೂ ಮಾತ್ರ ತೆಗೆದು, ಆ ಮೇಲೆ ವಿಕಿರಣ ಚಿಕಿತ್ಸೆ ಕೊಟ್ಟರೆ ರೋಗಿಯ ಆಯುಷ್ಯಕ್ಕೆ ಕುಂದು ಬರುವುದಿಲ್ಲ ಎಂಬುದನ್ನು ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬರ್ಟೊ ವೆರೊನೇಸಿ ನಡೆಸಿದ ದೀರ್ಘ ಅಧ್ಯಯನಗಳು ತೋರಿಸಿದ್ದು, ಅವುಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆದರೆ ಉಳಿಸುವ ಈ ಶಸ್ತ್ರಚಿಕಿತ್ಸೆಗೆ ಒಂದು ಷರತ್ತಿದೆ: ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಇರಕೂಡದು. ಇದನ್ನು ನೋಡಲು ತುಂಡಿನ ಹೊರಮೈಗೆ ಬಣ್ಣದ ಶಾಯಿ ಬಳಿದು, ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ತೆಳುವಾದ ಪದರಗಳನ್ನು ಕೊಯ್ದು, ಪೆಥಾಲಜಿ ತಜ್ಞರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಶಾಯಿಯ ಮೇಲೆ ಕ್ಯಾನ್ಸರ್ ಕೋಶ ಕಾಣದಿದ್ದರೆ ಆಕ್ರಮಣಕಾರಿ ಸ್ತನ ಕ್ಯಾನ್ಸರಿನಲ್ಲಿ ಅಂಚು ಶುದ್ಧವೆಂದು ತಿಳಿಯಬೇಕೆಂಬ ಒಮ್ಮತಕ್ಕೆ ಅಮೆರಿಕದ ತಜ್ಞ ಸಂಘಗಳು ಬಂದದ್ದು 2014ರಲ್ಲಿ. ಈ ವರದಿ ಕೈಸೇರಲು ಹಲವು ದಿನ ಬೇಕು. ಅಷ್ಟರಲ್ಲಿ ಗಾಯ ಹೊಲಿದು ಮುಗಿದಿರುತ್ತದೆ, ರೋಗಿ ವಾರ್ಡಿನಲ್ಲೋ ಊರಿನಲ್ಲೋ ಇರುತ್ತಾಳೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆ ಎಂದು ವರದಿ ಹೇಳಿದರೆ ಎರಡನೆಯ ಸಲ ಆಪರೇಶನ್ ಥೇಟರಿಗೆ ಹೋಗಬೇಕಾಗುತ್ತದೆ.

ಎರಡನೆಯ ಸಲ ಎಂಬ ಮಾತನ್ನು ವೈದ್ಯಕೀಯ ಲೇಖನಗಳು ಶೇಕಡಾವಾರು ಅಂಕಿಯಾಗಿ ಬರೆಯುತ್ತವೆ, ಮತ್ತು ಹಾಗೆ ಬರೆಯುವುದು ಅವುಗಳ ಮಟ್ಟಿಗೆ ಸರಿ. ರೋಣ ತಾಲೂಕಿನ ಒಣಬೇಸಾಯದ ಮನೆಗೆ ಅದು ಮತ್ತೊಮ್ಮೆ ಅರಿವಳಿಕೆ, ಮತ್ತೊಮ್ಮೆ ರಕ್ತದ ವ್ಯವಸ್ಥೆ, ಜೊತೆಗೆ ಬಂದವರ ಕೂಲಿಯ ನಷ್ಟ, ಮುಂದಕ್ಕೆ ಹೋದ ಕೀಮೊ, ಮತ್ತು ಎಷ್ಟೋ ಸಲ, ಮಾರಬೇಕಾಗಿ ಬಂದ ಎತ್ತು. ಇದಕ್ಕೆ ಹೆದರಿ, ಉಳಿಸಬಹುದಾಗಿದ್ದ ಸ್ತನವನ್ನೂ ಮೊದಲ ಸಲವೇ ಪೂರ್ತಿ ತೆಗೆದುಬಿಡಿ ಎಂದು ಕೇಳಿಕೊಳ್ಳುವ ಮಹಿಳೆಯರನ್ನು ಸಂಶೋಧಕಿ ಕಂಡಿದ್ದಳು. ಅವರ ನಿರ್ಧಾರವನ್ನು ಅಜ್ಞಾನವೆಂದು ಕರೆಯುವುದು ತಪ್ಪು. ತಮ್ಮ ಮನೆಯ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

ಶಸ್ತ್ರಚಿಕಿತ್ಸೆ ಸಾಗಿರುವಾಗಲೇ ಉತ್ತರ ಪಡೆಯುವ ಒಂದು ವಿಧಾನ ಬಹಳ ಹಿಂದಿನಿಂದಲೂ ಇದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಲೂಯಿಸ್ ವಿಲ್ಸನ್ 1905ರಲ್ಲಿ ರೂಢಿಗೆ ತಂದ ಫ್ರೋಜನ್ ಸೆಕ್ಷನ್ ಎಂಬ ಆ ವಿಧಾನದಲ್ಲಿ ತುಂಡನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ, 20ರಿಂದ 30 ನಿಮಿಷಗಳಲ್ಲಿ ಅಭಿಪ್ರಾಯ ತಿಳಿಸುತ್ತಾರೆ. ಅದಕ್ಕೆ ಥೇಟರಿನ ಪಕ್ಕದಲ್ಲೇ ಯಂತ್ರವೂ ಪೆಥಾಲಜಿ ತಜ್ಞರೂ ಇರಬೇಕು, ಮತ್ತು ಸ್ತನದಲ್ಲಿ ಯಥೇಚ್ಛವಾಗಿರುವ ಕೊಬ್ಬು ಸರಿಯಾಗಿ ಹೆಪ್ಪುಗಟ್ಟದೆ ಕೊಯ್ತಕ್ಕೆ ಸಿಗದಿರುವುದರಿಂದ ಅಂಚಿನ ಪರೀಕ್ಷೆಗೆ ಅದು ಅಷ್ಟಾಗಿ ಒದಗುವುದಿಲ್ಲ. ಜಿಲ್ಲಾ ಮಟ್ಟದ ಥೇಟರಿನಲ್ಲಿ, ನರ್ಸಿನ ಕೈಗೆ ಕೊಡಬಹುದಾದ, ಕೆಲವೇ ನಿಮಿಷಗಳಲ್ಲಿ ಉತ್ತರ ಹೇಳುವ ಸಾಧನವೊಂದು ಸಾಧ್ಯವೇ ಎಂಬುದು ಸಂಶೋಧನೆಯ ಪ್ರಶ್ನೆಯಾಯಿತು.

ವಿದ್ಯುತ್ತಿನಿಂದ ಗಡ್ಡೆಯನ್ನು ಗುರುತಿಸಬಹುದೆಂಬ ಯೋಚನೆ ಸುಮಾರು ನೂರು ವರ್ಷ ಹಳೆಯದು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹ್ಯೂಗೊ ಫ್ರಿಕೆ, 1925ರಲ್ಲಿ ಕೆಂಪು ರಕ್ತಕಣಗಳ ಪೊರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಅಳೆದು, ಆ ಅಳತೆಯಿಂದಲೇ ಪೊರೆಯ ದಪ್ಪ 3.3 ನ್ಯಾನೊಮೀಟರ್ ಇರಬೇಕೆಂದು ಲೆಕ್ಕ ಹಾಕಿದರು. ಇಂಥ ಪೊರೆಯನ್ನು ಕಣ್ಣಿಗೆ ತೋರಿಸಬಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಹುಟ್ಟಿರದ ಕಾಲದಲ್ಲಿ ಹೀಗೆ ವಿದ್ಯುತ್ತೇ ಅದನ್ನು ಅಳೆದುಕೊಟ್ಟದ್ದು ಅಚ್ಚರಿಯ ಸಂಗತಿ. ಮರುವರ್ಷವೇ ಅವರು ಸ್ಟರ್ನ್ ಮೋರ್ಸ್ ಜೊತೆಗೂಡಿ ಸ್ತನದ ಗಡ್ಡೆಗಳ ವಿದ್ಯುತ್ ಧಾರಕತೆಯನ್ನು ಕುರಿತು ಬರೆದರು. ಇದರ ತಿರುಳು ಹೀಗಿದೆ. ಅಂಗಾಂಶವೆಂದರೆ ಉಪ್ಪುನೀರಿನಲ್ಲಿ ಒತ್ತೊತ್ತಾಗಿ ಕೂತ ಕೋಶಗಳು, ಮತ್ತು ಪ್ರತಿ ಕೋಶದ ಸುತ್ತಲೂ ಇರುವುದು ಎಣ್ಣೆಯ ಸ್ವಭಾವದ ತೆಳುಪೊರೆ. ನಿಧಾನವಾಗಿ ದಿಕ್ಕು ಬದಲಿಸುವ, ಅಂದರೆ ಕಡಿಮೆ ಆವೃತ್ತಿಯ, ಪರ್ಯಾಯ ವಿದ್ಯುತ್ತು ಆ ಪೊರೆಯನ್ನು ದಾಟಲಾರದೆ ಕೋಶಗಳ ಸಂದಿಯಲ್ಲಿ ಸುತ್ತಿ ಬಳಸಿ ಹರಿಯುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ವಿದ್ಯುತ್ತು ಪೊರೆಯನ್ನು ದಾಟಿ ಕೋಶದ ಒಳಗೂ ಹಾಯುತ್ತದೆ. ಹೀಗೆ ಹರಿಯುವಾಗ ಅದಕ್ಕೆ ಎದುರಾಗುವ ಒಟ್ಟು ತಡೆಗೆ ಇಂಪಿಡೆನ್ಸ್ ಎಂದು ಹೆಸರು. ಬೇರೆ ಬೇರೆ ಆವೃತ್ತಿಗಳಲ್ಲಿ ಈ ತಡೆಯನ್ನು ಅಳೆದರೆ ಕೋಶಗಳ ಸಂದಿ ಎಷ್ಟು ಅಗಲ, ಪೊರೆ ಹೇಗಿದೆ, ನೀರಿನ ಅಂಶವೆಷ್ಟು ಎಂಬ ಒಳಸುದ್ದಿ ಸಿಗುತ್ತದೆ, ಮತ್ತು ಕ್ಯಾನ್ಸರ್ ಬದಲಿಸುವುದು ಇವುಗಳನ್ನೇ.

ಈ ಸಿದ್ಧಾಂತ ಸಂಶೋಧಕಿಗೆ ನಿಜವಾಗಿ ಅರ್ಥವಾದದ್ದು ಮನೆಯ ಅಡುಗೆಮನೆಯಲ್ಲಿ, ಬಟಾಟಿಯ ಮೇಲೆ. ಬಟಾಟಿ ಎಂದರೆ ಅಂಗಡಿ ಬೋರ್ಡಿನ ಆಲೂಗಡ್ಡೆ. ಹಸಿ ಬಟಾಟಿಯ ಹೋಳಿಗೆ ನಾಲ್ಕು ಸೂಜಿಗಳನ್ನು ಚುಚ್ಚಿ ಅಳೆದಾಗ ಕಡಿಮೆ ಆವೃತ್ತಿಯಲ್ಲಿ ದೊಡ್ಡದಾಗಿದ್ದ ತಡೆ, ಆವೃತ್ತಿ ಏರಿದಂತೆ ಕಡಿದಾಗಿ ಇಳಿಯಿತು. ಅದೇ ಬಟಾಟಿಯ ಇನ್ನೊಂದು ಹೋಳನ್ನು ತಾಯಿ ಪಲ್ಯಕ್ಕೆಂದು ಕುದಿಸಿದ್ದ ಪಾತ್ರೆಯಿಂದ ತೆಗೆದು, ಆರಿಸಿ, ಅಳೆದಾಗ ಆ ಇಳಿಜಾರೇ ಮಾಯವಾಗಿ, ಕಾಗದದ ಮೇಲೆ ಹೆಚ್ಚುಕಡಿಮೆ ಒಂದು ಚಪ್ಪಟೆ ಗೆರೆ ಉಳಿಯಿತು. ಕುದಿತಕ್ಕೆ ಪೊರೆಗಳು ಹರಿದುಹೋಗಿದ್ದವು. ತಡೆಯುವ ಗೋಡೆ ಇಲ್ಲದ ಮೇಲೆ ವಿದ್ಯುತ್ತಿಗೆ ನಿಧಾನ ಮತ್ತು ವೇಗಗಳ ಭೇದ ಉಳಿಯಲಿಲ್ಲ. ಜೀವವಿರುವುದಕ್ಕೂ ಇಲ್ಲದಿರುವುದಕ್ಕೂ ಗೆರೆಯಲ್ಲಿ ಕಾಣುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದದ್ದು ಆಕೆಗೆ ಆ ದಿನ ಹರುಷ ಕೊಟ್ಟಿತ್ತು. ಆ ಎರಡು ಗೆರೆಗಳಲ್ಲಿ ಅಡಗಿದ್ದ ಎಚ್ಚರಿಕೆಯೊಂದು, ಅಂದರೆ ದೇಹದಿಂದ ಬೇರೆಯಾದ ಮಾಂಸದ ಪೊರೆಗಳೂ ಗಳಿಗೆ ಗಳಿಗೆಗೆ ಕೆಡುತ್ತ ಹೋಗುತ್ತವೆಂಬುದು, ಎರಡು ವರ್ಷ ತಡವಾಗಿ ತಿಳಿಯಿತು.

ಮೊದಲ ವರ್ಷದ ಓದು ಬಹುಮಟ್ಟಿಗೆ ಬೇರೆಯವರ ಅಂಕಿಗಳ ಮೇಲೆ ನಡೆಯಿತು. ಫ್ರಾನ್ಸಿನ ಜೋಸಿನೆ ಎಂಬ ವಿಜ್ಞಾನಿ 1996ರಲ್ಲಿ 64 ರೋಗಿಗಳ ಸ್ತನದಿಂದ ತೆಗೆದ 120 ತುಂಡುಗಳ ಇಂಪಿಡೆನ್ಸ್ ಅಳತೆಗಳನ್ನು ಪ್ರಕಟಿಸಿದ್ದು, ಅವುಗಳ ಪೈಕಿ 106 ತುಂಡುಗಳ ಅಂಕಿಗಳು ಜಗತ್ತಿನ ಯಾವ ವಿದ್ಯಾರ್ಥಿಗೂ ಉಚಿತವಾಗಿ ಸಿಗುತ್ತವೆ. ಆ ಪಟ್ಟಿಯ ಪಾಠ ಎರಡು ಬಗೆಯದು. ಕೊಬ್ಬಿನಲ್ಲಿ ನೀರು ಕಡಿಮೆಯಿರುವುದರಿಂದ ಅದರ ತಡೆ ಬಹಳ ಹೆಚ್ಚು, ಗಡ್ಡೆಯದು ಕಡಿಮೆ, ಹೀಗಾಗಿ ಕೊಬ್ಬಿನ ನಡುವೆ ಕೂತ ಗಡ್ಡೆಯನ್ನು ಬೇರ್ಪಡಿಸುವುದು ಕಷ್ಟವಲ್ಲ. ಆದರೆ ಹಾಲಿನ ಗ್ರಂಥಿಯ ಅಂಗಾಂಶ, ನಿರಪಾಯಕಾರಿಯಾದ ಫೈಬ್ರೊಅಡಿನೋಮ ಗಂಟು ಮತ್ತು ಕ್ಯಾನ್ಸರ್ ಇವುಗಳ ಅಂಕಿಗಳು ಒಂದರ ಮೇಲೊಂದು ಬಿದ್ದಿವೆ. ಕೊಬ್ಬು ಕಡಿಮೆಯಿದ್ದು ಗ್ರಂಥಿ ದಟ್ಟವಾಗಿರುವ ಚಿಕ್ಕ ವಯಸ್ಸಿನ ಮಹಿಳೆಯರಲ್ಲಿ ಉಪಕರಣ ಎಡವುವುದು ಇಲ್ಲಿಯೇ. ಇಷ್ಟೆಲ್ಲ ಮಿತಿಗಳಿದ್ದರೂ ಈ ದಾರಿ ಕೈಗೆಟುಕದ್ದೇನಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಇಸ್ರೇಲಿನ ಡ್ಯೂನ್ ಮೆಡಿಕಲ್ ಡಿವೈಸಸ್ ಸಂಸ್ಥೆಯ ಮಾರ್ಜಿನ್‌ಪ್ರೋಬ್ ಎಂಬ ಸಾಧನ, ರೇಡಿಯೊ ಆವೃತ್ತಿಯ ಅಲೆಗಳನ್ನು ತುಂಡಿನ ಮೈಗೆ ಕಳುಹಿಸಿ ಮರಳುವ ಸಂಕೇತವನ್ನು ಓದುವ ತತ್ತ್ವದ ಮೇಲೆ, 2012ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಪಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಹಾರ್ದಿಕ್ ಪಾಂಡ್ಯ ಅವರ ಪ್ರಯೋಗಾಲಯವು ಅಂಗಾಂಶದ ವಿದ್ಯುತ್ ಗುಣದ ಜೊತೆಗೆ ಅದರ ಗಡಸುತನವನ್ನೂ ಶಾಖವಾಹಕತೆಯನ್ನೂ ಅಳೆಯುವ ಸೂಕ್ಷ್ಮ ಸಾಧನಗಳ ಮೇಲೆ ಕೆಲಸ ಮಾಡುತ್ತ ಬಂದಿದೆ, ಮತ್ತು ಒಂದು ಗುಣ ಎಡವಿದಲ್ಲಿ ಇನ್ನೊಂದು ಕೈಹಿಡಿಯಬಹುದೆಂಬ ಆ ಯೋಚನೆ ಈ ಕ್ಷೇತ್ರಕ್ಕೆ ಬಹಳ ಬೇಕಾದದ್ದು.

ಉಪಕರಣದ ತುದಿಗೆ ಬೇಕಾದ ಚಿನ್ನದ ಸಣ್ಣ ಎಲೆಕ್ಟ್ರೋಡುಗಳನ್ನು, ಅಂದರೆ ವಿದ್ಯುತ್ತು ಒಳಹೋಗುವ ಮತ್ತು ಹೊರಬರುವ ಲೋಹದ ಬಾಗಿಲುಗಳನ್ನು, ಹುಬ್ಬಳ್ಳಿಯಲ್ಲಿ ಮಾಡುವಂತಿರಲಿಲ್ಲ. ಕೇಂದ್ರ ಸರ್ಕಾರದ ನೆರವಿನ ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಎಂಬ ಯೋಜನೆ, ಸಣ್ಣ ಊರುಗಳ ಕಾಲೇಜುಗಳ ಸಂಶೋಧಕರಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಐಐಟಿಗಳ ಶುದ್ಧಕೋಣೆಗಳ ಬಾಗಿಲು ತೆರೆದಿತ್ತು. ಈ ಯೋಜನೆ ಇಲ್ಲದಿದ್ದರೆ ಉತ್ತರ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೂತು ಇಂಥ ಸಂಶೋಧನೆಯನ್ನು ಕೈಗೆತ್ತಿಕೊಳ್ಳುವ ಮಾತೇ ಇರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹುಬ್ಬಳ್ಳಿ ಬಿಟ್ಟು, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಧೂಳಿನ ಕಣವೂ ಒಳಬರದಂತೆ ಶೋಧಿಸಿದ ಗಾಳಿಯ ಕೋಣೆಯಲ್ಲಿ ಮೈಪೂರ್ತಿ ಮುಚ್ಚುವ ನಿಲುವಂಗಿ ತೊಟ್ಟು, ಹಳದಿ ಬೆಳಕಿನಡಿ ದಿನವಿಡೀ ನಿಂತು ಕೆಲಸ ಮಾಡಿ ಮರಳುವುದು ರೂಢಿಯಾಯಿತು. ಮರಳುವಾಗ ಎಲೆಕ್ಟ್ರೋಡುಗಳನ್ನು ಮೂಡಿಸಿದ ನಾಲ್ಕಿಂಚಿನ ಬಿಲ್ಲೆಗಳಿದ್ದ ಡಬ್ಬಿಯನ್ನು ಬರ್ತಿನ ಮೇಲಿಡದೆ ತೊಡೆಯ ಮೇಲಿಟ್ಟುಕೊಂಡೇ ಬರುತ್ತಿದ್ದ ಆಕೆಯನ್ನು ನೋಡಿ, ಅದರಲ್ಲಿ ಬಂಗಾರವಿದೆಯೇ ಎಂದು ಸಹಪ್ರಯಾಣಿಕರೊಬ್ಬರು ಕೇಳಿದ್ದುಂಟು. ಇತ್ತು, ಕೂದಲೆಳೆಯ ನೂರನೆಯ ಒಂದು ಭಾಗಕ್ಕಿಂತ ತೆಳುವಾದ ಪದರವಾಗಿ.

ನಾಲ್ಕು ಎಲೆಕ್ಟ್ರೋಡುಗಳೇ ಏಕೆ ಬೇಕೆಂಬುದನ್ನೂ ಇಲ್ಲಿ ಹೇಳಬೇಕು. ಲೋಹವು ಒದ್ದೆ ಅಂಗಾಂಶವನ್ನು ಮುಟ್ಟಿದಲ್ಲಿ ವಿದ್ಯುತ್ತಿನ ಕಣಗಳು ಸಂತೆಯ ಬಾಗಿಲಲ್ಲಿ ಜನ ನೆರೆದಂತೆ ನೆರೆದು, ಅಲ್ಲಿಯೇ ಒಂದು ತಡೆಯನ್ನು ಹುಟ್ಟಿಸುತ್ತವೆ. ಎರಡೇ ಎಲೆಕ್ಟ್ರೋಡುಗಳಿಂದ ಅಳೆದರೆ ಅಂಗಾಂಶದ ತಡೆಯ ಜೊತೆಗೆ ಬಾಗಿಲಿನ ಈ ತಡೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಹೊರಗಿನ ಎರಡು ಎಲೆಕ್ಟ್ರೋಡುಗಳಿಂದ ಮೈಕ್ರೊಆಂಪಿಯರುಗಳಷ್ಟು ಅಲ್ಪ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರಿಂದ ವೋಲ್ಟೇಜನ್ನು ಮಾತ್ರ ಓದುತ್ತಾರೆ.

ಅಳತೆಗೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕಿತ್ತು, ಮತ್ತು ಪ್ರತಿ ರೋಗಿಯಿಂದ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಿತ್ತು. ಸಂಶೋಧಕಿ ಬರೆದ ಮೊದಲ ಕರಡಿನಲ್ಲಿ, ಶಸ್ತ್ರಕ್ರಿಯೆಯಿಂದ ವಿಯೋಜಿಸಲಾದ ಅಂಗಾಂಶಕ್ಕೆ ಅಲ್ಪ ಪ್ರಮಾಣದ ವಿದ್ಯುತ್ ಹಾಯಿಸಲಾಗುವುದು ಎಂಬ ಸಾಲಿತ್ತು. ಅದನ್ನು ಓದಿ ಹೇಳಿದಾಗ ಮಧ್ಯವಯಸ್ಸಿನ ರೋಗಿಯೊಬ್ಬರು ಕೇಳಿದರು: "ಕರೆಂಟ್ ಕೊಡೋದು ಆಪರೇಶನ್ ಆದ ಮ್ಯಾಲೆ ಅಂತ ಡಾಕ್ಟರ್ ಹೇಳ್ಯಾರಲ್ಲ ತಂಗಿ, ಈಗ ಒಳಗಽ ಕೊಡ್ತೀರೇನು?" ಕ್ಯಾನ್ಸರ್ ಆಸ್ಪತ್ರೆಗಳ ಜನಬಳಕೆಯಲ್ಲಿ ಕರೆಂಟ್ ಕೊಡುವುದೆಂದರೆ ವಿಕಿರಣ ಚಿಕಿತ್ಸೆ, ಎಂಜಿನಿಯರಿಂಗ್ ಕಲಿತವಳಿಗೆ ಈ ಮಾತು ಗೊತ್ತಿರಲಿಲ್ಲ, ವಾರ್ಡಿನ ಪ್ರತಿ ಮಂಚಕ್ಕೂ ಗೊತ್ತಿತ್ತು. "ಇಲ್ರಿ ಅಕ್ಕಾರ, ನಿಮಗೇನೂ ಹಚ್ಚೂದಿಲ್ಲ, ತೆಗದ ಮ್ಯಾಲೆ ಆ ಗಂಟಿನ ತುಂಡಿಗಷ್ಟ" ಎಂದು ಬಿಡಿಸಿ ಹೇಳಿದ ಮೇಲೆ ಆ ತಾಯಿ, ತೆಗೆದ ಮೇಲೆ ಅದು ತಮ್ಮದಾಗಿ ಎಲ್ಲಿ ಉಳಿಯಿತು ಎಂದು ಸಹಿ ಹಾಕಿದರು. ಕರಡನ್ನು ಅಂದೇ ಹರಿದು ಹಾಕಿ, ಆಸ್ಪತ್ರೆಯ ಆಯಾ ಒಬ್ಬರ ಮುಂದೆ ಕೂತು, ಅವರು ತಲೆಯಾಡಿಸುವವರೆಗೆ ಪ್ರತಿ ಸಾಲನ್ನೂ ತಿದ್ದಿ ಹೊಸದಾಗಿ ಬರೆಯಲಾಯಿತು: ತೆಗೆದ ಗಂಟಿನ ತುಂಡನ್ನು ಮಷೀನಿನ ಕಡ್ಡಿಯಿಂದ ಮುಟ್ಟಿ ನೋಡುತ್ತೇವೆ, ನಿಮ್ಮ ಮೈಗೆ ಏನನ್ನೂ ಹಚ್ಚುವುದಿಲ್ಲ, ಇದು ನೀವು ಮುಂದೆ ತೆಗೆದುಕೊಳ್ಳುವ ಕರೆಂಟ್ ಅಲ್ಲ, ಬೇಡವೆಂದರೂ ನಿಮ್ಮ ಆರೈಕೆ ಹೀಗೆಯೇ ನಡೆಯುತ್ತದೆ. ಸಂಶೋಧನೆಯ ಎಲ್ಲ ಬರವಣಿಗೆಯಲ್ಲಿ ಅತಿ ಹೆಚ್ಚು ಶ್ರಮ ಬೇಡಿದ್ದು ಈ ಎರಡು ಪುಟಗಳೇ.

ಥೇಟರಿನಲ್ಲಿ ತೆಗೆದ ತುಂಡಿಗೆ ದಿಕ್ಕು ತಿಳಿಯಲೆಂದು ದಾರದ ಗುರುತು ಹೊಲಿಯುವ ಪದ್ಧತಿಯಿದೆ: ಮೇಲ್ಭಾಗಕ್ಕೆ ಗಿಡ್ಡ ದಾರ, ಹೊರಮಗ್ಗುಲಿಗೆ ಉದ್ದ ದಾರ. ಆ ಎರಡು ದಾರಗಳನ್ನು ಹಿಡಿದರೆ ಅಂಗೈಯಲ್ಲಿರುವ ಹಳದಿ ಮಾಂಸದ ಮುದ್ದೆ ಮತ್ತೆ ದೇಹದೊಳಗಿನ ತನ್ನ ಜಾಗವನ್ನು ನೆನಪಿಸಿಕೊಂಡಂತೆ ತಿರುಗಿ ಕೂಡುತ್ತದೆ. ಅಳತೆಗೆ ತುಂಡು ಕೊಡುತ್ತಿದ್ದ ಹಿರಿಯ ಶಸ್ತ್ರವೈದ್ಯರೊಬ್ಬರು ಮೊದಲ ದಿನವೇ ಸಂಶೋಧಕಿಗೆ ಕೈಗವಸು ತೊಡಿಸಿ, ಉಪಕರಣವನ್ನು ಪಕ್ಕಕ್ಕಿಡಿಸಿ, ತುಂಡನ್ನು ಬೆರಳಿನಿಂದ ಒತ್ತಿ ನೋಡಲು ಹೇಳಿದ್ದರು. ಕೊಬ್ಬಿನ ಮೆತ್ತನೆಯ ಆಳದಲ್ಲಿ ನೆನೆಯದೆ ಉಳಿದ ಕಡಲೆಕಾಳಿನಂಥದೊಂದು ಬಿರುಸು ಬೆರಳಿಗೆ ತಾಗಿ, ಅದರ ಸುತ್ತ ಇನ್ನೂ ಸ್ವಲ್ಪ ದೂರ ಆ ಬಿರುಸು ಬೇರುಗಳಂತೆ ಹರಡಿ ಸಣ್ಣಗಾಗುತ್ತ ಹೋದದ್ದು ಆಕೆಗೆ ತಿಳಿಯಿತು, ಆದರೆ ಎಲ್ಲಿಗೆ ಪೂರ್ತಿ ಇಲ್ಲವಾಯಿತೆಂದು ಹೇಳಲಾಗಲಿಲ್ಲ. ಅಂದಿನಿಂದ ಒಂದು ಕಟ್ಟುಪಾಡು ಏರ್ಪಟ್ಟಿತು: ಪರದೆಯ ಅಂಕಿಯನ್ನು ನೋಡುವ ಮೊದಲೇ ವೈದ್ಯರು ಪ್ರತಿ ಅಂಚಿನ ಬಗ್ಗೆ ತಮ್ಮ ಬೆರಳಿನ ಅಂದಾಜನ್ನು ಗಟ್ಟಿಯಾಗಿ ಹೇಳಬೇಕು, ಸಂಶೋಧಕಿ ಅದನ್ನು ಬರೆದುಕೊಂಡ ಮೇಲೆ ಅಳೆಯಬೇಕು, ವಾರದ ನಂತರ ಪೆಥಾಲಜಿಯ ವರದಿಯನ್ನು ಮೂರನೆಯ ಸಾಲಿನಲ್ಲಿ ಬರೆಯಬೇಕು. ತಂದೆ ಹತ್ತಿ ಎಳೆದು ಹೇಳಿದ ಉದ್ದವನ್ನೂ ಯಂತ್ರದ ಚೀಟಿಯನ್ನೂ ಅಕ್ಕಪಕ್ಕ ಬರೆದಿಡುತ್ತಿದ್ದ ಅಡತಿ ಅಂಗಡಿಯ ಕೆಂಪು ಬಟ್ಟೆಯ ಖಾತೆ ಪುಸ್ತಕದಂಥದೇ ಒಂದನ್ನು ಆಕೆ ಇದಕ್ಕಾಗಿ ಬಳಸಿದಳು.

ಎರಡನೆಯ ವರ್ಷದ ಕೊನೆಗೆ ಬೇರೊಂದು ಜಿಲ್ಲೆಯ ಆಸ್ಪತ್ರೆಯಲ್ಲೂ ಅಳತೆ ಆರಂಭವಾದಾಗ ಅಂಕಿಗಳು ವಿಚಿತ್ರವಾಗಿ ಬರತೊಡಗಿದವು. ಎಲ್ಲ ತುಂಡುಗಳ ಎಲ್ಲ ಅಂಚುಗಳ ತಡೆಯೂ ಕಡಿಮೆ, ಅಂದರೆ ಉಪಕರಣದ ಪ್ರಕಾರ ಎಲ್ಲೆಡೆಯೂ ಗಡ್ಡೆ. ಪೆಥಾಲಜಿಯಾದರೋ ಅವುಗಳಲ್ಲಿ ಹೆಚ್ಚಿನವನ್ನು ಬರೀ ಕೊಬ್ಬು ಎನ್ನುತ್ತಿತ್ತು. ಎಲೆಕ್ಟ್ರೋಡು ಬದಲಿಸಿ, ತಂತಿ ಬದಲಿಸಿ, ಲೆಕ್ಕ ಹಾಕುವ ಪ್ರೋಗ್ರಾಮನ್ನು ಮೊದಲಿನಿಂದ ಪರೀಕ್ಷಿಸಿ ದಣಿದ ಮೇಲೆ, ಒಂದು ಬೆಳಿಗ್ಗೆ ಸಂಶೋಧಕಿ ಥೇಟರಿನ ಹೊರಗೆ ಕಾಯುವ ಬದಲು ಒಳಗೇ ಒಂದು ಮೂಲೆಯಲ್ಲಿ ನಿಂತಳು. ತುಂಡು ಹೊರಬಂದ ಕೂಡಲೇ ಸಿಸ್ಟರ್ ಅದನ್ನು ಸ್ಟೀಲಿನ ಬಟ್ಟಲಿನಲ್ಲಿದ್ದ ಸಲೈನಿನಲ್ಲಿ ಅದ್ದಿ, ರಕ್ತವನ್ನೆಲ್ಲ ತೊಳೆದು, ಸ್ವಚ್ಛವಾಗಿ ಟ್ರೇಯಲ್ಲಿಟ್ಟು ಹೊರಗೆ ಕಳುಹಿಸಿದರು. ಸಲೈನ್ ಎಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆತ ನೀರು, ವಿದ್ಯುತ್ತಿಗೆ ರಾಜಮಾರ್ಗ. ತುಂಡಿನ ಮೈಮೇಲೆ ಉಳಿದ ಅದರ ತೆಳು ಪದರದಲ್ಲೇ ವಿದ್ಯುತ್ತು ಹರಿದುಹೋಗುತ್ತಿತ್ತು, ಕೆಳಗಿನ ಮಾಂಸವನ್ನು ಅದು ಮುಟ್ಟುತ್ತಲೇ ಇರಲಿಲ್ಲ. ಮೂರು ತಿಂಗಳ ಅಳತೆಗಳನ್ನು ಕೈಬಿಡಬೇಕಾಯಿತು. ಸಿಸ್ಟರ್ ಮಾಡಿದ್ದು ಒಳ್ಳೆಯ ಶುಶ್ರೂಷಕಿಯ ಅಭ್ಯಾಸ. ತೊಳೆಯಬೇಡಿ, ಒಣ ಗಾಜ್ ಬಟ್ಟೆಯಿಂದ ಮೆಲ್ಲನೆ ಒತ್ತಿ ಕೊಡಿ ಎಂಬ ಒಂದು ಸಾಲನ್ನು ಕೆಲಸದ ವಿಧಾನದಲ್ಲಿ ಬರೆಯದೆ ಹೋದದ್ದು ಸಂಶೋಧಕಿಯ ತಪ್ಪು. ಒಪ್ಪಿಗೆ ಕೊಟ್ಟ ಅಷ್ಟೊಂದು ಮಹಿಳೆಯರ ತುಂಡುಗಳು ಹಾಗೆ ವ್ಯರ್ಥವಾದದ್ದರ ನೋವು ಆಕೆಯನ್ನು ಇಂದಿಗೂ ಬಿಟ್ಟಿಲ್ಲ.

ಈ ಘಟನೆಯಿಂದ ಸಂಶೋಧನೆಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಅಂಚನ್ನು ಅಳೆಯುವುದೇ ವಿಷಯವಾಗಿದ್ದರೆ, ಅಲ್ಲಿಂದ ಮುಂದೆ ದೇಹದಿಂದ ಬೇರೆಯಾದ ತುಂಡಿಗೆ ನಿಮಿಷ ನಿಮಿಷಕ್ಕೆ ಏನಾಗುತ್ತದೆ ಎಂಬುದು ವಿಷಯವಾಯಿತು. ದೇಹದೊಳಗೆ 37 ಡಿಗ್ರಿ ಸೆಲ್ಸಿಯಸ್ ಇದ್ದ ಮಾಂಸ ಥೇಟರಿನ ತಂಪು ಗಾಳಿಯಲ್ಲಿ ಬೇಗನೆ ಆರುತ್ತದೆ. ಉಪ್ಪುನೀರಿನ ವಾಹಕತೆ ಡಿಗ್ರಿಗೆ ಸುಮಾರು ಶೇಕಡಾ 2ರಂತೆ ಬದಲಾಗುವುದರಿಂದ 15 ಡಿಗ್ರಿ ತಣ್ಣಗಾದ ತುಂಡಿನ ಅಂಕಿ, ಕ್ಯಾನ್ಸರ್ ಇರಲಿ ಇಲ್ಲದಿರಲಿ, ಶೇಕಡಾ 30ರಷ್ಟು ಸರಿದುಬಿಟ್ಟಿರುತ್ತದೆ. ಇದಲ್ಲದೆ ರಕ್ತ ನಿಂತ ಕೋಶಗಳು ಮೊದಲು ಊದಿಕೊಂಡು ತಮ್ಮ ನಡುವಿನ ಸಂದಿಗಳನ್ನು ಮುಚ್ಚುತ್ತವೆ, ಆಗ ತಡೆ ಏರುತ್ತದೆ. ಬಳಿಕ ಪೊರೆಗಳು ಹರಿಯತೊಡಗಿ ತಡೆ ಇಳಿಯುತ್ತದೆ. ಅಡುಗೆಮನೆಯ ಬಟಾಟಿ ಹೇಳಿದ್ದ ಮಾತು ಇದೇ. ಉಪಕರಣದ ತುದಿಯಲ್ಲಿ ಎಲೆಕ್ಟ್ರೋಡುಗಳ ನಡುವೆ ಸಾಸಿವೆಯಷ್ಟು ಚಿಕ್ಕ ತಾಪಮಾಪಕವನ್ನು ಕೂಡಿಸಲಾಯಿತು, ಮತ್ತು ಕೆಂಪು ಖಾತೆಯಲ್ಲಿ ನಾಲ್ಕನೆಯ ಸಾಲೊಂದು ಸೇರಿತು: ತುಂಡು ಹೊರಬಂದು ಎಷ್ಟು ನಿಮಿಷವಾಯಿತು.

ಸ್ತನದ ತುಂಡುಗಳ ಜೊತೆಗೆ ಅಳತೆಗೆ ಬಂದ ಬಾಯಿಯ ಕ್ಯಾನ್ಸರಿನ ತುಂಡುಗಳು ಇನ್ನೊಂದು ತೊಡಕನ್ನು ತಂದವು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಗಿದ್ದರೂ ಅದಕ್ಕಿಂತ ಹಿಂದಿನ ವರ್ಷಗಳ ತಂಬಾಕಿನ ಫಲ ಆಸ್ಪತ್ರೆಗಳಿಗೆ ಬರುತ್ತಲೇ ಇತ್ತು, ಮತ್ತು ಆ ರೋಗಿಗಳಲ್ಲಿ ಹಲವರು ಸಂಶೋಧಕಿಗಿಂತ ಚಿಕ್ಕ ವಯಸ್ಸಿನವರಾಗಿದ್ದರು. ಕೆನ್ನೆಯ ಒಳಮೈಯಲ್ಲಿ ಗಡ್ಡೆಯಿಂದ 5 ಮಿಲಿಮೀಟರಿನಷ್ಟು ಶುದ್ಧ ಅಂಚು ಸಿಗಬೇಕೆಂಬುದು ಸಾಮಾನ್ಯ ನಿಯಮ, ಆದರೆ ಕತ್ತರಿಸಿದ ಕೂಡಲೇ ಆ ಅಂಗಾಂಶ ಕುಗ್ಗುತ್ತದೆ, ಮೇಲಾಗಿ ರಕ್ತ ನಿಲ್ಲಿಸುತ್ತಲೇ ಕತ್ತರಿಸುವ ಕಾಟರಿ ಎಂಬ ವಿದ್ಯುತ್ ಸಾಧನ ಅಂಚನ್ನು ಸುಟ್ಟು ಕಪ್ಪಾಗಿಸಿರುತ್ತದೆ. ಸುಟ್ಟ ಆ ತೊಗಟೆಯ ಮೇಲೆ ಉಪಕರಣ ಹೇಳುವ ಅಂಕಿಗೆ ಅರ್ಥವಿಲ್ಲ, ವೈದ್ಯರ ಬೆರಳಿಗೂ ಅಲ್ಲಿ ಎಲ್ಲವೂ ಬಿರುಸೇ. ಇದಕ್ಕೆ ಪರಿಹಾರ ಸಂಶೋಧನೆಯ ಅವಧಿಯಲ್ಲಿ ಸಿಗಲಿಲ್ಲ.

ಕೊನೆಗೆ ಸಲ್ಲಿಸಿದ ಪ್ರಬಂಧವು ಹೇಳಿದ್ದು ಸೀಮಿತವಾದ ಮಾತು: ಕೊಬ್ಬು ಹೆಚ್ಚಿರುವ ಸ್ತನದಲ್ಲಿ, ತೊಳೆಯದ, ಸುಡದ, ಇನ್ನೂ ಬೆಚ್ಚಗಿರುವ ತುಂಡಿನ ಅಂಚನ್ನು ತಾಪದ ತಿದ್ದುಪಡಿಯೊಂದಿಗೆ ಅಳೆದರೆ ಉಪಕರಣದ ಮಾತು ಪೆಥಾಲಜಿಯ ಮಾತಿಗೆ ಹತ್ತಿರ ಬರುತ್ತದೆ, ದಟ್ಟ ಗ್ರಂಥಿಯಲ್ಲಿ ಬರುವುದಿಲ್ಲ. ಬೆರಳೂ ಅಂಕಿಯೂ ಒಂದನ್ನೇ ಹೇಳಿದಾಗ ನಂಬಬಹುದು, ಬೇರೆ ಬೇರೆ ಹೇಳಿದಾಗ ಆ ಅಂಚಿನಿಂದ ಇನ್ನೊಂದು ತೆಳು ಪದರ ತೆಗೆಯುವುದು ಮೇಲು ಎಂಬ ಸಲಹೆಯನ್ನು ಅದು ಶಸ್ತ್ರವೈದ್ಯರ ವಿವೇಚನೆಗೆ ಬಿಟ್ಟಿತು. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಶ್ನೆಗಳು ಬಂದದ್ದು ನಿಮಿಷಗಳ ಆ ನಾಲ್ಕನೆಯ ಸಾಲಿನ ಬಗ್ಗೆ. ಎಪಿಎಂಸಿಯಿಂದ ನಿವೃತ್ತರಾಗಿದ್ದ ತಂದೆ ಅಂದು ಹಿಂದಿನ ಬೆಂಚಿನಲ್ಲಿ ಕೂತು, ಇಂಗ್ಲಿಷಿನಲ್ಲಿ ನಡೆದ ಮಾತನ್ನೆಲ್ಲ ಕೇಳಿಸಿಕೊಂಡು, ಮನೆಗೆ ಬಂದ ಮೇಲೆ ಕೆಂಪು ಖಾತೆಯನ್ನು ತರಿಸಿಕೊಂಡು ಬೆರಳಿನ ಸಾಲನ್ನೂ ಮಷೀನಿನ ಸಾಲನ್ನೂ ಪುಟ ಪುಟವಾಗಿ ಹೋಲಿಸಿ ನೋಡಿದರು.

ಪ್ರಬಂಧದ ಒಂದು ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಇಂಗ್ಲಿಷಿನ ಆ ಪುಸ್ತಕದಲ್ಲಿ ಕನ್ನಡವಿರುವುದು ಕೊನೆಯ ಅನುಬಂಧದ ಎರಡು ಪುಟಗಳಲ್ಲಿ ಮಾತ್ರ. ಇದು ನೀವು ಮುಂದೆ ತೆಗೆದುಕೊಳ್ಳುವ ಕರೆಂಟ್ ಅಲ್ಲ ಎಂಬ ಸಾಲು ಮೊದಲ ಪುಟದ ನಡುವೆ ಇದೆ, ಎರಡನೆಯ ಪುಟದ ಕೆಳಗೆ ಸಹಿಗೆ ಅಥವಾ ಎಡಗೈ ಹೆಬ್ಬೆಟ್ಟಿಗೆಂದು ಚೌಕಾಕಾರದ ಖಾಲಿ ಜಾಗವಿದೆ.